ಅಫ್ರಾ ದನ ಇಳಿಸಿದ ದಿನ

ಟೋಲ್ ಗೇಟಿನ ಫೋನು ಹೊಡೆದುಕೊಂಡಾಗ ನಾನು ಒಬ್ಬ ಬೈಕಿನ ಮಹಾರಾಯನ ಜೊತೆ ಜಗಳದಲ್ಲಿದ್ದೆ. ಬೇಸಿಗೆ ಮೇಯಲು ಮೇಲೆ ಹೋದ ದನ ಊರಿಗೆ ಇಳಿಯುವ ದಿನ, ಮಧ್ಯಾಹ್ನದವರೆಗೆ ಬೆಟ್ಟದ ರಸ್ತೆ ಬಂದ್ ಅಂತ ಕುರುಡನಿಗೂ ಕಾಣುವಷ್ಟು ದೊಡ್ಡ ಬೋರ್ಡ್ ಹಾಕಿದ್ದೇವೆ. ಆದರೂ ಅವನದು ಒಂದೇ ಹಟ. ತಾನು ಹ್ಯಾಂಬರ್ಗ್‌ನಿಂದ ಇಷ್ಟು ದೂರ ಬಂದಿರೋದೇ ಈ ರಸ್ತೆಯ ತಿರುವುಗಳಿಗೋಸ್ಕರ ಅಂತ. ತಿರುವು ಎಲ್ಲಿಗೂ ಓಡಿಹೋಗಲ್ಲ, ಹೋಗಿ ಊಟ ಮಾಡ್ಕೊಂಡು ಬಾ ಅಂದು ಗಾಜು ಎಳೆದು ಫೋನು ಎತ್ತಿದೆ.

ಲೈತನ್ ಮನೆಯ ಇರ್ಮಿ. "ಲೇನಿ, ಅಪ್ಪಂಗೆ ಆಗ್ತಿಲ್ಲ ಕಣೆ. ಡಾಕ್ಟರ್ ಬಂದು ಹೋದ್ರು. ಮಧ್ಯಾಹ್ನ ದಾಟೋದು ಕಷ್ಟ ಅಂದ್ರು. ಮೇಲೆ ಫೋನ್ ಸಿಗ್ತಿಲ್ಲ, ನೀನೇ ಹೋಗಿ ಅವಳಿಗೆ ಹೇಳು."

ಅವಳು ಅಂದರೆ ಅಫ್ರಾ. ಇರ್ಮಿ ಅವಳ ಹೆಸರು ಹೇಳಿದ್ದನ್ನು ಅಲ್ಲಿಯ ತನಕ ನಾನು ಕೇಳಿಯೇ ಇರಲಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ. ಅಪ್ಪ ಕೇಳ್ತಿರೋದು ದನಾನೋ, ಅಫ್ರಾನೋ ಅಂತ ಕೇಳಿಬಿಟ್ಟೆ. ದನದ ಗಂಟೆ ಸದ್ದು ಬಂತಾ ಅಂತಲೂ ಕೇಳ್ತಾರೆ, ಅವಳು ಎಲ್ಲಿಗೆ ಬಂದಳು ಅಂತಲೂ ಕೇಳ್ತಾರೆ ಅಂದು ಇರ್ಮಿ ಫೋನು ಇಟ್ಟಳು.

ಗೇಟಿನ ಕೀಲಿಕೈಯನ್ನು ನನ್ನ ಗಂಡ ಕ್ಲೆಮೆನ್ಸ್ ಕೈಗೆ ಹಾಕಿ ಕಾರು ಹತ್ತಿದೆ. ಇರ್ಮಿಯ ಅಪ್ಪ ಅಂಬ್ರೋಸ್‌ಗೆ ಎಂಬತ್ತರ ಹತ್ತಿರ, ಹೋಗುವ ವಯಸ್ಸೇ. ನನ್ನ ಚಿಂತೆಯೆಲ್ಲ ಅಫ್ರಾಳದು. ಅವಳು ನನ್ನ ದೊಡ್ಡಮ್ಮನ ಮಗಳು, ನನಗಿಂತ ಹತ್ತು ಹದಿನೈದು ವರ್ಷಕ್ಕೆ ಹಿರಿಯಳು.

ಅಫ್ರಾ ಹಾಲು ಕರೆಯುವ ಕೆಲಸಕ್ಕೆ ಲೈತನ್ ಮನೆಗೆ ಬಂದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಂಬ್ರೋಸ್ ಆ ಮನೆಯ ಮಗ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಗಂಟೆಗಟ್ಟಲೆ ದನದ ಗೊರಸಿನ ವಿಚಾರ ಮಾತಾಡುತ್ತಿದ್ದರಂತೆ. ಗೊರಸಿನ ಬಗ್ಗೆ ಅಷ್ಟು ಮಾತಾಡೋಕೆ ಏನಿದೆ ಅಂತ ಕಣಿವೆಗೆಲ್ಲ ಗೊತ್ತಾಗಿತ್ತು. ಆದರೆ ಅವನಪ್ಪ ಕಾಡಿನ ಆಸ್ತಿ ಇರುವ ಮನೆಯ ಹುಡುಗಿಯನ್ನು ಗೊತ್ತುಮಾಡಿದ. ಅಂಬ್ರೋಸ್ ತಲೆ ಬಗ್ಗಿಸಿ ಮದುವೆಯಾದ. ಅಫ್ರಾ ಆ ಜೂನ್‌ನಲ್ಲಿ ದನ ಹೊಡೆದುಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋದವಳು, ಅಲ್ಲಿಂದ ಪ್ರತಿ ಬೇಸಿಗೆಯೂ ಹೋದಳು. ಚಳಿಗಾಲಕ್ಕೆ ಇಳಿದು ಬಂದು ಹೋಟೆಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬೇರೆ ಗಂಡು ಕೇಳಿಕೊಂಡು ಬಂದರೆ ನನಗೆ ದನ ಸಾಕು ಅನ್ನುತ್ತಿದ್ದಳು.

ಅಂಬ್ರೋಸ್ ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಇನ್ನಾದರೂ ಅಂತ ನಾವೆಲ್ಲ ಕಾದೆವು. ಎಲ್ಲಿಂದ ಬಂತು? ಭಾನುವಾರ ಭಾನುವಾರ ಅವನು ಬ್ರೆಡ್ಡು, ಪೇಪರು ಹಿಡಿದು ಮೇಲಕ್ಕೆ ಹತ್ತುತ್ತಿದ್ದ. ಮತ್ತದೇ ಬೆಂಚು, ಅದೇ ಗೊರಸು. ಇಬ್ಬರಿಗೂ ಬಾಯಿ ಬಿಡೋಕೆ ಏನು ಧಾಡಿ ಅಂತ ನನಗೆ ಮೈ ಉರಿಯುತ್ತಿತ್ತು. ಮಗಳು ಇರ್ಮಿ ಅವಳನ್ನು ಅಂಗಳ ದಾಟಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ದನ ಒಪ್ಪಿಸಿದ ದಿನ ಎಲ್ಲರ ಜೊತೆ ಅಂಗಳದಲ್ಲೇ ಅವಳಿಗೂ ಒಂದು ಬಟ್ಟಲು ಸೂಪು, ಮುಗಿಯಿತು. ಇರ್ಮಿಯನ್ನು ದೂರಿ ಏನು ಪ್ರಯೋಜನ, ಅವಳು ತನ್ನ ತಾಯಿಯ ಮಗಳು.

ಈ ವರ್ಷ ಜೂನ್‌ನಲ್ಲಿ ಅಂಬ್ರೋಸ್‌ಗೆ ಹತ್ತಲು ಆಗಲಿಲ್ಲ. ಗೇಟಿನ ತನಕ ಬಂದು ಅಫ್ರಾಳನ್ನು ಕಳಿಸಿಕೊಟ್ಟ. ಸಾಯೋದರೊಳಗೆ ಒಂದು ಸಲ ದನ ಕಿರೀಟ ಇಟ್ಕೊಂಡು ಬರೋದು ನೋಡಬೇಕು ಅಂದ. ಅದನ್ನು ನಾನೇ ಕೇಳಿಸಿಕೊಂಡೆ.

ಕಿರೀಟ ಅಂದರೆ ಸುಮ್ಮನೆ ಅಲಂಕಾರ ಅಂತ ಕಾರಿನಲ್ಲಿ ಬರುವವರು ತಿಳಿದಿದ್ದಾರೆ. ಬೇಸಿಗೆಯಿಡೀ ಮೇಲೆ ಒಂದೂ ದನಕ್ಕೆ ಕೇಡಾಗದೆ ಇದ್ದರೆ ಮಾತ್ರ ಮುಂದಿನ ಹಸುಗಳ ತಲೆಗೆ ಫರ್ ಮರದ ಸೊಪ್ಪು, ಕಾಗದದ ಹೂವು, ಕನ್ನಡಿ ಚೂರು ಕಟ್ಟಿದ ಕಿರೀಟ ಏರುತ್ತದೆ. ಒಂದು ಕರು ಬಿದ್ದು ಸತ್ತರೂ ಸರಿ, ದನದ ಒಡೆಯನ ಮನೆಯಲ್ಲಿ ಯಾರಾದರೂ ತೀರಿಕೊಂಡರೂ ಸರಿ, ಎಲ್ಲ ಬೋಳುತಲೆಯಲ್ಲಿ ಇಳಿಯಬೇಕು. ಗಂಟೆಗಳ ಬಾಯಿಗೆ ಹುಲ್ಲು ತುರುಕಬೇಕು, ಮುಂದಿನ ಹಸುವಿನ ಕೊಂಬಿಗೆ ಕರಿ ಬಟ್ಟೆ ಕಟ್ಟಬೇಕು. ಮೂರು ವರ್ಷದಿಂದ ಅಫ್ರಾ ಹಾಗೇ ಇಳಿದಿದ್ದಳು. ಒಂದು ವರ್ಷ ಸಿಡಿಲು, ಒಂದು ವರ್ಷ ಬಂಡೆ, ಹೋದ ವರ್ಷ ಏನೋ ಕಾಯಿಲೆ. ಈ ವರ್ಷ ಎಲ್ಲವೂ ಉಳಿದಿದ್ದವು. ಈಗ ಅಂಬ್ರೋಸ್ ಉಳಿಯಬೇಕಿತ್ತು, ದನ ಅಂಗಳಕ್ಕೆ ಬರುವ ತನಕ.

ರಸ್ತೆಯ ಎರಡೂ ಬದಿಗೆ ಬೆಳಗ್ಗೆಯೇ ಬಂದು ಠಿಕಾಣಿ ಹಾಕಿದ ಕಾರುಗಳು, ಮಡಚುವ ಕುರ್ಚಿಗಳು, ಕಂಬಳಿ ಹೊದ್ದ ಜನ. ಮೇಲೆ ಹಿಮ ಬಿದ್ದು ಗಾಳಿ ಚಾಕುವಿನ ಹಾಗೆ ಕೊಯ್ಯುತ್ತಿತ್ತು. ಹದ್ದಿನ ಕಟ್ಟೆ ಅನ್ನುವ ನೋಟದ ಜಾಗದ ಹತ್ತಿರ ದನ ಸಿಕ್ಕವು. ಸಿಕ್ಕವು ಅಂದರೆ, ನಿಂತಿದ್ದವು. ಪ್ರವಾಸಿ ಸಂಘದ ಗೆರ್ನೋಟ್ ನಿಲ್ಲಿಸಿದ್ದ. ಈ ರಸ್ತೆಯಲ್ಲಿ ನೋಟದ ಜಾಗ ಎಷ್ಟಿವೆಯೋ ಅಷ್ಟೂ ಕಡೆ ದನ ನಿಲ್ಲಬೇಕು, ಜನ ಫೋಟೋ ತೆಗೆಯಬೇಕು, ಅವನು ಮೈಕಿನಲ್ಲಿ ನಮ್ಮ ಪರಂಪರೆ ಓದಬೇಕು. ಕೆಳಗಿನ ತಿರುವಿನಲ್ಲಿ, ರಸ್ತೆ ಬಂದ್ ಆಗುವ ಮೊದಲೇ ಹತ್ತಿದ್ದ ಎರಡು ಬಸ್ಸು, ಒಂದು ಮನೆಗಾಡಿ ನನ್ನ ಕಾರು ನುಸುಳುವಷ್ಟೇ ಸಂದಿ ಬಿಟ್ಟು ಅಡ್ಡಡ್ಡ ಸಿಕ್ಕಿಹಾಕಿಕೊಂಡು ಹಾರ್ನ್ ಬಾರಿಸುತ್ತಿದ್ದವು. ಆ ಸದ್ದಿಗೆ ಇನ್ನೂ ಕರು ಹಾಕದ ಪಡ್ಡೆ ಹಸುಗಳು ಕಿವಿ ನಿಮಿರಿಸಿ ರಸ್ತೆಯ ಅಂಚಿಗೆ ಒತ್ತುತ್ತಿದ್ದವು. ಅಂಚಿನಾಚೆ ಪ್ರಪಾತ.

ಅಫ್ರಾ ಎಲ್ಲಕ್ಕೂ ಮುಂದೆ, ಚುಕ್ಕೆ ಹಸು ಶೆಕಿಯ ಪಕ್ಕದಲ್ಲಿ ಕೋಲೂರಿ ನಿಂತಿದ್ದಳು. ಕುಳ್ಳಿ, ಅಗಲ ಭುಜ, ಹಬ್ಬದ ಟೋಪಿ. ಶೆಕಿಯ ತಲೆಯ ಮೇಲೆ ಕಿರೀಟ ಅಲ್ಲಾಡುತ್ತಿತ್ತು. ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೋಲು ಹಿಡಿದ ಕೈ ಮಾತ್ರ ಬೆಳ್ಳಗಾಯಿತು.

"ಮಾತಾಡ್ತಾನಾ?"

"ಮಾತಾಡ್ತಾನಂತೆ. ಗಂಟೆ ಸದ್ದು ಬಂತಾ ಅಂತಾನಂತೆ. ನೀನೆಲ್ಲಿ ಅಂತಾನಂತೆ. ಕಾರು ತಂದಿದೀನಿ, ಹತ್ತು. ದನ ಇವರು ಇಳಿಸ್ತಾರೆ."

ದನಗಳ ಬೆನ್ನಿಗೆ ಕಾವಲಾಗಿ ಅಕ್ಕಪಕ್ಕದ ಮನೆಯ ಇಬ್ಬರು ರೈತರಿದ್ದರು, ಗಟ್ಟಿ ಆಳುಗಳೇ. ಅಫ್ರಾ ಅವರನ್ನು ನೋಡಿದಳು, ಕಾರು ನೋಡಿದಳು, ತಲೆಯಾಡಿಸಿದಳು. "ಬರಿಗೈಲಿ ಹೋಗಿ ಎದುರು ನಿಂತ್ರೆ ಅವನು ಮೊದಲು ಕೇಳೋದೇ ದನ ಎಲ್ಲಿ ಅಂತ. ಏನಂತ ಹೇಳ್ಲಿ? ರಸ್ತೇಲಿ ಬಿಟ್ಟು ಬಂದೆ ಅಂತಾನಾ?"

ನನಗೆ ರೇಗಿತು. ಈ ಹೊತ್ತಲ್ಲೂ ದನವೇ ಅಂತ ಬೈಯೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಶೆಕಿಯ ಕುತ್ತಿಗೆಗೆ ಕೈ ಹಾಕಿ ರಸ್ತೆ ಬಿಟ್ಟು ಎಡಕ್ಕೆ ತಿರುಗಿಸಿದ್ದಳು. ಅಲ್ಲಿಂದ ಹಳೆಯ ದನದ ಹಾದಿ ಇಳಿಯುತ್ತದೆ. ರಸ್ತೆ ಹಾವಿನ ಹಾಗೆ ಸುತ್ತಿಕೊಂಡು ಊರು ಸೇರುವುದರೊಳಗೆ ಮಧ್ಯಾಹ್ನ ಕಳೆದೇ ಹೋಗುತ್ತದೆ. ಹಾದಿ ನೆಟ್ಟಗೆ ಲೈತನ್ ಮನೆಯ ಬೆನ್ನಿಗೆ ಬೀಳುತ್ತದೆ. ಆದರೆ ಎರಡು ವರ್ಷದ ಹಿಂದೆ ಸಂಘದವರು ಅದನ್ನು ಪರಂಪರೆಯ ಹಾದಿ ಮಾಡಿ, ಮೆಟ್ಟಿಲು ಕಟ್ಟಿ, ಐನೂರು ವರ್ಷದಿಂದ ದನಗಳು ಇಳಿದ ದಾರಿ ಅಂತ ಬೋರ್ಡು ಹಾಕಿ, ಒಂದು ದನವೂ ನುಗ್ಗದ ಹಾಗೆ ಬಾಯಿಗೆ ಗೇಟು ಇಟ್ಟಿದ್ದರು.

ಗೆರ್ನೋಟ್ ಮೈಕು ಹಿಡಿದೇ ಓಡಿಬಂದ. ನಮ್ಮಲ್ಲಿ ಸಾವಿರ ಮೀಟರ್ ಎತ್ತರ ದಾಟಿದ ಮೇಲೆ ಬಹುವಚನ ಇಲ್ಲ, ಮಂತ್ರಿ ಬಂದರೂ ನೀನು ಅಂತಲೇ. ಗೆರ್ನೋಟ್ ಪಟ್ಟಣದವನು, ಇನ್ನೂ ಅಭ್ಯಾಸವಾಗಿಲ್ಲ. ಅಫ್ರಾ, ದಯವಿಟ್ಟು ಅಲ್ಲಿ ಬೇಡಿ, ಮೆಟ್ಟಿಲು ಹಾಳಾಗುತ್ತೆ, ಕೆಳಗೆ ಬ್ಯಾಂಡಿನವರು, ಸಾವಿರಾರು ಜನ ಕಾಯ್ತಿದ್ದಾರೆ, ನಾನೇನು ಹೇಳಲಿ ಅಂತೆಲ್ಲ ಗೋಗರೆದ.

"ಬೋರ್ಡಲ್ಲಿ ಏನು ಬರ್ದಿದೀಯ?" ಅಂದಳು ಅಫ್ರಾ.

ಅವನು ಕಣ್ಣುಕಣ್ಣು ಬಿಟ್ಟ.

"ದನದ ಹಾದಿ ಅಂತ ಬರ್ದಿದೀಯ. ದನ ತಂದಿದೀನಿ. ಗೇಟು ತೆಗಿ."

ನಾನು ಅವನನ್ನು ಪಕ್ಕಕ್ಕೆ ಎಳೆದು ವಿಷಯ ಹೇಳಿದೆ. ಅವನ ಮುಖ ಸಣ್ಣಗಾಯಿತು. ಮೊದಲೇ ಹೇಳಬಾರದಿತ್ತಾ ಅಂತ ಗೊಣಗಿಕೊಂಡು, ಹೊಸ ಉಣ್ಣೆ ಕೋಟಿನಲ್ಲೇ ಗೇಟಿನ ಕೆಳಗೆ ಭುಜ ಕೊಟ್ಟು ಕೀಲಿನಿಂದ ಎತ್ತಿದ. ರೈತರು ಕೈ ಹಾಕಿದರು. ಗೇಟು ಕಿತ್ತು ಹುಲ್ಲಿಗೆ ಬಿತ್ತು. ಜನರನ್ನು ನಾನು ನೋಡ್ಕೋತೀನಿ, ನೀನು ಹೋಗು ಅಂದ ಅವನು. ಮೊದಲ ಸಲ ಏಕವಚನ ಬಂದಿತ್ತು.

ಕಾರು ಅಲ್ಲೇ ಬಿಟ್ಟು ನಾನೂ ಅವಳ ಹಿಂದೆ ನಡೆದೆ. ಇಳಿಜಾರಿನಲ್ಲಿ ಗಂಟೆಗಳ ಸದ್ದು ಒಂದರ ಮೇಲೊಂದು ಬಿದ್ದು ಕಿವಿ ತುಂಬಿತು. ಅಫ್ರಾ ಓಡುತ್ತಿರಲಿಲ್ಲ. ಓಡಿದರೆ ದನ ಓಡುತ್ತವೆ, ಓಡಿದರೆ ಬೀಳುತ್ತವೆ. ಅವಳ ಬೆನ್ನು ನೋಡಿದರೆ ಸಾಕು, ಓಡಬೇಕು ಅನ್ನಿಸುವುದನ್ನು ಹಲ್ಲು ಕಚ್ಚಿ ಹಿಡಿದಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಅರ್ಧ ದಾರಿಯಲ್ಲಿ ಕೊರಕಲಿನ ಮೇಲೆ ಸಂಘದವರು ಹಾಕಿದ ಮರದ ಸೇತುವೆ. ಹಲಗೆ ಹಲಗೆಯ ಮಧ್ಯೆ ಸಂದಿ, ಸಂದಿಯಲ್ಲಿ ಆಳದ ನೀರು ಕಾಣುತ್ತದೆ. ಶೆಕಿ ಮುಂಗಾಲು ಇಟ್ಟಳು, ಡಬ್ ಅಂದಿತು, ಕಾಲು ಹಿಂದೆಗೆದಳು. ಆಮೇಲೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಹಿಂದಿನಿಂದ ಅಷ್ಟೂ ದನ ಒತ್ತಿಕೊಂಡು ಬರುತ್ತಿವೆ.

ಅಫ್ರಾ ಹಬ್ಬದ ಕೋಟು ಬಿಚ್ಚಿ ಹಲಗೆಯ ಮೇಲೆ ಹಾಸಿದಳು. ನಾನು ನನ್ನದು ಹಾಸಿದೆ, ರೈತರು ತಮ್ಮದು. ಮೇಲೆ ಕೈಯಿಂದ ಮಣ್ಣು, ಹಿಮ ಬಾಚಿ ಎರಚಿದೆವು. ಅಫ್ರಾ ಹಿಂದಿರುಗಿ ನೋಡದೆ ತಾನು ದಾಟಿಹೋಗಿ ಆ ಬದಿಯಲ್ಲಿ ಬೆನ್ನು ಮಾಡಿ ನಿಂತಳು. ಶೆಕಿ ಒಂದು ಸಲ ಕೂಗಿ ಅವಳ ಹಿಂದೆ ನಡೆದಳು. ಉಳಿದವು ಒಂದೊಂದಾಗಿ ದಾಟಿದವು.

ಕೊನೆಯ ಪಡ್ಡೆ ಅರ್ಧಕ್ಕೆ ಬಂದಾಗ ಹಾಸಿದ ಕೋಟು ಜಾರಿತು. ಹಿಂಗಾಲು ಹಲಗೆಯ ಅಂಚಿನಿಂದ ಕೆಳಕ್ಕೆ ಹೋಯಿತು. ಅದು ಹೊಟ್ಟೆಯ ಮೇಲೆ ಬಿದ್ದು, ಕಾಲು ಶೂನ್ಯದಲ್ಲಿ ಒದೆಯುತ್ತಾ ಇಂಚಿಂಚಾಗಿ ಸರಿಯತೊಡಗಿತು. ಇಷ್ಟು ದೂರ ಬಂದು ಕಿರೀಟ ಹೋಗುತ್ತಲ್ಲ ದೇವರೇ ಅನ್ನಿಸಿತು. ಅಫ್ರಾ ವಾಪಸ್ ಬಂದವಳೇ ಅದರ ಕುತ್ತಿಗೆಯ ಮೇಲೆ ಅಡ್ಡ ಬಿದ್ದು ಮುಖಕ್ಕೆ ಮುಖ ಒತ್ತಿದಳು. ಏನು ಹೇಳಿದಳೋ ಕೇಳಲಿಲ್ಲ, ಒಂದೇ ಸಮನೆ ಪಿಸುಗುಡುತ್ತಿದ್ದಳು. ಅದು ಒದೆಯುವುದನ್ನು ನಿಲ್ಲಿಸಿತು. ರೈತರು ಬೆಲ್ಟು ಬಿಚ್ಚಿ ತೊಡೆಗೆ ಸುತ್ತಿದರು, ನಾನು ಬಾಲ ಹಿಡಿದೆ, ಉಸಿರು ಕಟ್ಟಿ ಎಳೆದೆವು. ಮೇಲೆ ಬಂತು. ಅಫ್ರಾ ಅದರ ಕಾಲನ್ನು ಮೇಲಿಂದ ಕೆಳಗೆ ಸವರಿ, ಮುರಿದಿಲ್ಲ ಅಂದಳು.

ಕಾಡು ಮುಗಿದು ಚಾಪೆಲ್‌ನ ಹತ್ತಿರ ಬಂದರೆ ಲೈತನ್ ಮನೆಯ ಮಾಡು, ಪಕ್ಕದ ಗೋಡೆ ಕಾಲಡಿಯಲ್ಲೇ ಕಾಣುತ್ತದೆ. ಇನ್ನೊಂದು ಸಣ್ಣ ಇಳಿಜಾರು, ಅಷ್ಟೇ. ಬಂದೆವು ಅಂತ ನಾನು ನಕ್ಕೆ. ಅಫ್ರಾ ಥಟ್ಟನೆ ನಿಂತಳು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ.

ಅಂಬ್ರೋಸ್ ಮಲಗುವ ಕೋಣೆಯ ಕಿಟಕಿ ತೆರೆದಿತ್ತು. ಎರಡೂ ಬಾಗಿಲು ಪೂರಾ ಹಿಂದಕ್ಕೆ, ಪರದೆ ಹೊರಗೆ ಹಾರುತ್ತಾ. ಹಿಮದ ಗಾಳಿಯಲ್ಲಿ ರೋಗಿಯ ಕಿಟಕಿ ಯಾರೂ ತೆಗೆಯುವುದಿಲ್ಲ. ಜೀವ ಹೋದ ಮೇಲೆ ತೆಗೆಯುತ್ತೇವೆ, ಆತ್ಮ ಹೊರಗೆ ಹೋಗಲಿ ಅಂತ. ನನ್ನ ಅಜ್ಜಿಗೂ ತೆಗೆದಿದ್ದರು, ಅಪ್ಪನಿಗೂ ತೆಗೆದಿದ್ದರು. ಸೇತುವೆಯ ಹತ್ತಿರ ಅಷ್ಟು ಹೊತ್ತು ಹೋಗದಿದ್ದರೆ ಅಂತ ಅನ್ನಿಸಿ ಆ ಹಲಗೆ ಹಾಕಿದವರಿಗೆಲ್ಲ ಮನಸ್ಸಿನಲ್ಲೇ ಶಾಪ ಹಾಕಿದೆ.

ಅಫ್ರಾ ಅಳಲಿಲ್ಲ. ಶೆಕಿಯ ತಲೆಯಿಂದ ಕಿರೀಟ ಬಿಚ್ಚಿ ಬೇಲಿಯ ಗೂಟಕ್ಕೆ ಹಾಕಿದಳು. ಬೇಸಿಗೆಯಿಡೀ ಸಂಜೆ ಸಂಜೆ ಕೂತು ಕಟ್ಟಿದ್ದು. ಆಮೇಲೆ ಎರಡನೆಯ ಹಸು, ಮೂರನೆಯ ಹಸು. ನಾವು ಮೂವರೂ ಹುಲ್ಲು ಕಿತ್ತು ಗಂಟೆಗಳಿಗೆ ತುರುಕಿದೆವು. ಸದ್ದೆಲ್ಲ ಅಡಗಿ ದನಗಳ ಉಸಿರು ಮಾತ್ರ ಕೇಳತೊಡಗಿತು. ಅವಳು ಚೀಲದ ತಳದಿಂದ ಕರಿ ಬಟ್ಟೆ ತೆಗೆದಳು. ಮೂರು ವರ್ಷದಿಂದ ಬಳಸಿ ಮಡಿಕೆಯಲ್ಲಿ ಬಣ್ಣ ಮಾಸಿತ್ತು. ಶೆಕಿಯ ಕೊಂಬಿಗೆ ಸುತ್ತಿದಳು. ಸುತ್ತಿದವಳು ಒಂದು ಗಳಿಗೆ ನಿಂತು, ಮತ್ತೆ ಬಿಚ್ಚಿ, ಹಲ್ಲಿನಿಂದ ಕಚ್ಚಿ ಎರಡು ಭಾಗ ಹರಿದಳು. ಒಂದನ್ನು ಕೊಂಬಿಗೆ ಕಟ್ಟಿದಳು. ತನ್ನ ಹಬ್ಬದ ಟೋಪಿ ತೆಗೆದು ಬೇಲಿಗೆ ಸಿಕ್ಕಿಸಿ, ಇನ್ನೊಂದನ್ನು ತಲೆಗೆ ಕಟ್ಟಿ ಗದ್ದದ ಕೆಳಗೆ ಗಂಟು ಹಾಕಿದಳು.

ನಮ್ಮ ಕಣಿವೆಯಲ್ಲಿ ಹಾಗೆ ತಲೆಗೆ ಕಟ್ಟುವವಳು ಹೆಂಡತಿ. ಹೆಂಡತಿ ಇಲ್ಲದಿದ್ದರೆ ಮಗಳು. ದನ ಕಾಯುವವಳು ಕಟ್ಟುವುದಿಲ್ಲ. ರೈತರಲ್ಲಿ ಒಬ್ಬ ನನ್ನ ಮುಖ ನೋಡಿದ. ಏನು ನೋಡ್ತೀಯ, ದನ ಹೊಡಿ ಅಂದೆ. ಕಣ್ಣಲ್ಲಿ ನೀರು ತುಂಬಿ ನನಗೆ ದಾರಿಯೇ ಕಾಣುತ್ತಿರಲಿಲ್ಲ.

ಅಂಗಳದಲ್ಲಿ ನೆರೆಹೊರೆಯವರು ಸೇರಿದ್ದರು. ನಾವು ಮನೆಯ ಮೂಲೆ ತಿರುಗಿದಾಗ ಒಬ್ಬೊಬ್ಬರೇ ಎದ್ದು ನಿಂತರು, ಗಂಡಸರು ಟೋಪಿ ತೆಗೆದರು. ಇರ್ಮಿ ಬಾಗಿಲಿಗೆ ಬಂದಳು. ಬೋಳುತಲೆಯ ದನ ನೋಡಿದಳು, ಕೊಂಬಿನ ಬಟ್ಟೆ ನೋಡಿದಳು, ಆಮೇಲೆ ಅಫ್ರಾಳ ತಲೆ ನೋಡಿದಳು. ಅವಳ ಮುಖ ಬಿಳುಚಿಹೋಯಿತು.

"ಯಾವಾಗ?" ಅಂದಳು ಅಫ್ರಾ.

"ಯಾವಾಗ ಏನು? ಏನಾಯ್ತು ನಿಮಗೆಲ್ಲ?"

ಅಷ್ಟರಲ್ಲಿ ಮೂಲೆಯ ಕಿಟಕಿಯಿಂದ ಗೊರಗೊರ ದನಿ ಬಂತು. "ಯಾರು ಸತ್ತಿದ್ದು?"

ಮಂಚವನ್ನು ಕಿಟಕಿಯ ಬುಡಕ್ಕೆ ಎಳೆದು, ದಿಂಬಿನ ಮೇಲೆ ದಿಂಬು ಒಟ್ಟಿ ಕೂರಿಸಿದ್ದರು. ಕಂಬಳಿಯೊಳಗಿಂದ ಮುಖ ಮಾತ್ರ ಹೊರಗೆ, ಬಿಳಿಯ ಗಡ್ಡ, ಒಣಗಿದ ತುಟಿ. ಆದರೆ ಕಣ್ಣು ಅವನದೇ, ಅಂಬ್ರೋಸ್‌ನದೇ. ಅವನು ದನಗಳನ್ನು ಒಂದೊಂದಾಗಿ ನೋಡುತ್ತಿದ್ದ, ಯಾವುದು ಕಮ್ಮಿಯಾಗಿದೆ ಅಂತ.

ಅಫ್ರಾ ಕೋಲು ಕೈಬಿಟ್ಟಳು. ಕಿಟಕಿಯ ತನಕ ನಡೆದುಹೋದಳು.

"ನೀನು. ನೀನೇ ಸತ್ತಿದ್ದು," ಅಂದಳು. "ಈ ಚಳೀಲಿ ಕಿಟಕಿ ಯಾಕೆ ತೆಗ್ಸಿದೆ?"

"ಗಂಟೆ ಕೇಳ್ಲಿ ಅಂತ. ಮೇಲೆ ಕಾಡಲ್ಲಿ ಕೇಳ್ತು. ಆಮೇಲೆ ನಿಂತೇ ಹೋಯ್ತು."

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅಫ್ರಾ ಕಿಟಕಿಯ ಚೌಕಟ್ಟು ಹಿಡಿದು ನಿಂತಿದ್ದಳು, ಭುಜ ಏರಿ ಇಳಿಯುತ್ತಾ. ಅವನು ನಿಧಾನವಾಗಿ ಕೇಳಿದ. ಎಲ್ಲ ಬಂದವಾ? ಎಲ್ಲ ಬಂದವು, ಒಂದೂ ಹೋಗಿಲ್ಲ ಅಂದಳು. ಹಾಗಾದರೆ ಕಿರೀಟ? ಬೇಲಿಯ ಮೇಲಿದೆ ಅಂದಳು, ನಿನಗೋಸ್ಕರ ತೆಗೆದೆ.

ಅವನ ಕಣ್ಣು ಅವಳ ತಲೆಯ ಮೇಲೆ ನಿಂತಿತು. "ಅದು?"

"ಅದೂ ನಿನಗೇ."

ಆಗ ಅವಳಿಗೆ ಎಚ್ಚರವಾಯಿತು ಅಂತ ಕಾಣುತ್ತದೆ. ಹಿಂದೆ ಅಂಗಳ ತುಂಬ ಜನ, ಬಾಗಿಲಲ್ಲಿ ಇರ್ಮಿ. ಕಿವಿ ಕೆಂಪಾಗಿ, ಎರಡೂ ಕೈ ಗದ್ದದ ಕೆಳಗಿನ ಗಂಟಿಗೆ ಹೋದವು. ಗಂಟು ಬಿಗಿದಿತ್ತು, ಬೆರಳು ಮರಗಟ್ಟಿದ್ದವು, ಬಿಚ್ಚಲು ಬರಲಿಲ್ಲ.

"ಬಿಚ್ಚಬೇಡ," ಅಂದ ಅಂಬ್ರೋಸ್. "ಎಲ್ಲರೂ ನೋಡಿ ಆಯ್ತಲ್ಲ. ಸಂಜೆಗೆ ಮತ್ತೆ ಕಟ್ಟೋ ಕೆಲಸ ಯಾಕೆ, ಇರ್ಲಿ."

ಅವಳ ಕೈ ಅಲ್ಲೇ ನಿಂತವು. ನಾನು ಶೆಕಿಯ ಗಂಟೆಯಿಂದ ಹುಲ್ಲು ಕೀಳತೊಡಗಿದೆ, ಏನಾದರೂ ಮಾಡದಿದ್ದರೆ ಬಿಕ್ಕಿಬಿಡುತ್ತಿದ್ದೆ. ಇರ್ಮಿ ಬಾಗಿಲಿನಿಂದ ಒಂದು ಪಕ್ಕಕ್ಕೆ ಸರಿದಳು. ಅಫ್ರಾ ಹೊಸ್ತಿಲ ತನಕ ಬಂದು, ತನ್ನ ಬೂಟಿನ ಸಗಣಿ ನೋಡಿಕೊಂಡು, ಕಲ್ಲಿಗೆ ಉಜ್ಜತೊಡಗಿದಳು. ಒಂದು ಕಾಲು ಉಜ್ಜಿದಳು, ಇನ್ನೊಂದು ಉಜ್ಜಿದಳು, ಮತ್ತೆ ಮೊದಲಿನದಕ್ಕೆ ಬಂದಳು.

"ಅಫ್ರಾ," ಅಂದಳು ಇರ್ಮಿ. "ಹಾಗೇ ಬಾ. ಅಪ್ಪಂಗೆ ಅಷ್ಟು ಹೊತ್ತಿಲ್ಲ."

ಅವಳು ಹಾಗೇ ಒಳಗೆ ಹೋದಳು.